ಪೆರ್ಕೂನಾಸ್ ದೇವರಿಗೆ ಸಂಸತ್ತಿನ ಮುದ್ರೆ: ಲಿಥುವೇನಿಯಾದ ಪೇಗನ್ ಜಗಳ ಏನು?

2024ರ ಡಿಸೆಂಬರ್‌ನಲ್ಲಿ ಲಿಥುವೇನಿಯಾದ ಸಂಸತ್ತು ರೊಮುವಾ ಎಂಬ ಸಣ್ಣ ಸಮುದಾಯಕ್ಕೆ ಸರ್ಕಾರಿ ಮಾನ್ಯತೆ ಕೊಟ್ಟಿತು. ಇವರ ದೇವರುಗಳು ಬೈಬಲ್‌ನವರಲ್ಲ. ಗುಡುಗಿನ ದೇವರು ಪೆರ್ಕೂನಾಸ್, ಭೂತಾಯಿ ಝೆಮೀನಾ, ಒಲೆಯ ಬೆಂಕಿಯಲ್ಲಿ ಇರುವ ಗಬಿಯಾ, ಹಣೆಬರಹ ಬರೆಯುವ ಲೈಮಾ. ಕ್ರೈಸ್ತ ಧರ್ಮ ಬರುವ ಮೊದಲು ಬಾಲ್ಟಿಕ್ ಕಡಲತೀರದ ಜನ ನಂಬುತ್ತಿದ್ದ ದೇವತೆಗಳು ಇವರು. ಇಂಥ ಕ್ರೈಸ್ತಪೂರ್ವ ದೇವರುಗಳ ಆರಾಧನೆಗೆ ‘ಪೇಗನ್’ ಧರ್ಮ ಎನ್ನುತ್ತಾರೆ.

ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಅಲ್ಲಿಯವರೆಗೆ ಈ ಪೂಜೆಗೆ ನಿಷೇಧ ಇತ್ತಾ? ಇರಲಿಲ್ಲ. ಲಿಥುವೇನಿಯಾ ಈಗ ಪೇಗನ್ ದೇಶವಾಯಿತಾ? ಅದೂ ಇಲ್ಲ, ಅಲ್ಲಿನ ಮುಕ್ಕಾಲು ಪಾಲು ಜನ ಈಗಲೂ ಕ್ಯಾಥೊಲಿಕರು. ಹಾಗಾದರೆ ಇಷ್ಟು ಸಣ್ಣ ಗುಂಪಿನ ವಿಷಯ ಸಂಸತ್ತಿನಲ್ಲಿ ಮತ್ತೆ ಮತ್ತೆ ಮತಕ್ಕೆ ಬಂದು, ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋಗಿದ್ದು ಯಾಕೆ? ಉತ್ತರ ಸಿಗಬೇಕಾದರೆ ದೇವರುಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕಾನೂನಿನಿಂದ ಶುರು ಮಾಡಬೇಕು.

ನಾಲ್ಕು ಮೆಟ್ಟಿಲಿನ ಕಾನೂನು

ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡ ಮೇಲೆ, 1995ರಲ್ಲಿ ಲಿಥುವೇನಿಯಾ ಧಾರ್ಮಿಕ ಸಮುದಾಯಗಳ ಕಾನೂನು ಮಾಡಿತು. ಅದರ ಪ್ರಕಾರ ಎಲ್ಲರಿಗೂ ನಂಬುವ, ಪೂಜಿಸುವ ಸ್ವಾತಂತ್ರ್ಯ ಇದೆ. ಆದರೆ ಸರ್ಕಾರದ ಕಣ್ಣಿಗೆ ಎಲ್ಲ ಸಮುದಾಯಗಳೂ ಒಂದೇ ಅಲ್ಲ.

ಎಲ್ಲಕ್ಕಿಂತ ಕೆಳಗೆ ನೋಂದಣಿಯೇ ಇಲ್ಲದ ಗುಂಪುಗಳು. ಅದರ ಮೇಲೆ ನೋಂದಾಯಿತ ಸಮುದಾಯಗಳು. ಅದಕ್ಕೂ ಮೇಲೆ ‘ಸರ್ಕಾರ ಮಾನ್ಯ ಮಾಡಿದ’ ಸಮುದಾಯಗಳು. ತುದಿಯಲ್ಲಿ ‘ಸಾಂಪ್ರದಾಯಿಕ’ ಎಂದು ಕಾನೂನೇ ಹೆಸರಿಸಿದ ಒಂಬತ್ತು: ರೋಮನ್ ಕ್ಯಾಥೊಲಿಕ್, ಗ್ರೀಕ್ ಕ್ಯಾಥೊಲಿಕ್, ಲುಥೆರನ್, ರಿಫಾರ್ಮ್ಡ್, ಆರ್ಥೊಡಾಕ್ಸ್, ಓಲ್ಡ್ ಬಿಲೀವರ್ಸ್, ಯಹೂದಿ, ಸುನ್ನಿ ಮುಸ್ಲಿಂ ಮತ್ತು ಕರಾಯಿಟ್.

ಈ ಪಟ್ಟಿಯಲ್ಲಿ ಒಂದು ತಮಾಷೆ ಇದೆ. ಕರಾಯಿಟರು ಮಧ್ಯಯುಗದಲ್ಲಿ ಕ್ರೈಮಿಯಾದಿಂದ ಬಂದು ನೆಲೆಸಿದ ಪುಟ್ಟ ಸಮುದಾಯ. ಅವರು ಸಾಂಪ್ರದಾಯಿಕರು. ಆದರೆ ಕ್ರೈಸ್ತ ಧರ್ಮಕ್ಕಿಂತ ಮೊದಲು ಆ ನೆಲದಲ್ಲೇ ಇದ್ದ ದೇವರುಗಳ ಹೆಸರು ಹೇಳುವ ರೊಮುವಾ ಪಟ್ಟಿಯಲ್ಲಿ ಇಲ್ಲ.

ಪಟ್ಟಿಯ ಹೊರಗಿರುವವರಿಗೆ ಉಳಿದ ದಾರಿ ಮೂರನೇ ಮೆಟ್ಟಿಲು. ಅದಕ್ಕೆ ಮೊದಲ ನೋಂದಣಿಯಾಗಿ 25 ವರ್ಷ ಕಳೆದಿರಬೇಕು. ಸಮಾಜದಲ್ಲಿ ಬೆಂಬಲ ಇರಬೇಕು, ಬೋಧನೆ ಮತ್ತು ಆಚರಣೆ ಕಾನೂನಿಗೆ, ನೈತಿಕತೆಗೆ ವಿರುದ್ಧ ಇರಬಾರದು. ನ್ಯಾಯ ಸಚಿವಾಲಯ ಪರಿಶೀಲಿಸಿ ಅಭಿಪ್ರಾಯ ಕೊಡುತ್ತದೆ. ಕೊನೆಗೆ ತೀರ್ಮಾನ ಮಾತ್ರ ಸೇಮಾಸ್‌ನದು, ಅಂದರೆ ಸಂಸತ್ತಿನದು. ಅಲ್ಲಿ ಬೀಳುವುದು ರಾಜಕೀಯ ಮತ. ಇಡೀ ವಿವಾದದ ಬೇರು ಇಲ್ಲೇ ಇದೆ.

ಮಾನ್ಯತೆಯಿಂದ ಸಿಗುವುದೇನು? ಅವರ ಪುರೋಹಿತರು ಮಾಡಿಸಿದ ಮದುವೆಗೆ ಕಾನೂನಿನ ಬಲ ಬರುತ್ತದೆ, ರಿಜಿಸ್ಟ್ರಾರ್ ಕಚೇರಿಯಲ್ಲಿ ಇನ್ನೊಂದು ಸಲ ಮದುವೆಯಾಗುವ ರಗಳೆ ತಪ್ಪುತ್ತದೆ. ಸರ್ಕಾರಿ ಶಾಲೆಯಲ್ಲಿ, ಪೋಷಕರು ಕೇಳಿದರೆ, ಧರ್ಮಪಾಠ ಮಾಡಬಹುದು. ಪುರೋಹಿತರು ಸಾಮಾಜಿಕ ವಿಮೆಯ ವ್ಯಾಪ್ತಿಗೆ ಬರುತ್ತಾರೆ. ರಾಷ್ಟ್ರೀಯ ರೇಡಿಯೊ, ಟಿವಿಯಲ್ಲಿ ಸಮಯ ಕೇಳಬಹುದು. ಸಾಂಪ್ರದಾಯಿಕ ಧರ್ಮಗಳಿಗೆ ಪ್ರತಿ ವರ್ಷ ಸಿಗುವ ಸರ್ಕಾರಿ ಹಣ ಮಾತ್ರ ಇವರಿಗೆ ಸಿಗುವುದಿಲ್ಲ. ಒಟ್ಟಿನಲ್ಲಿ ಖಜಾನೆಗೆ ಹೊರೆ ಎನ್ನುವಂಥದ್ದು ಏನೂ ಇಲ್ಲ.

ಯುರೋಪಿನಲ್ಲಿ ಕೊನೆಗೆ ಮತಾಂತರವಾದ ರಾಜ್ಯ

ಲಿಥುವೇನಿಯಾ ಅಧಿಕೃತವಾಗಿ ಕ್ರೈಸ್ತವಾಗಿದ್ದು 1387ರಲ್ಲಿ. ಆ ಹೊತ್ತಿಗೆ ಇಲ್ಲಿ ವಿಜಯನಗರ ಹುಟ್ಟಿ ಐವತ್ತು ವರ್ಷ ಆಗಿತ್ತು. ಉಳಿದ ಯುರೋಪಿನ ಬಹುಪಾಲು ಎಷ್ಟೋ ಶತಮಾನಗಳ ಹಿಂದೆಯೇ ಚರ್ಚಿನ ಕೆಳಗೆ ಬಂದಿತ್ತು.

ಅದಕ್ಕೂ ಮೊದಲು 1251ರ ಸುಮಾರಿಗೆ ಮಿಂದೌಗಾಸ್ ಎಂಬ ದೊರೆ ದೀಕ್ಷೆ ತೆಗೆದುಕೊಂಡು, 1253ರಲ್ಲಿ ಕಿರೀಟ ಧರಿಸಿದ್ದ. 1263ರಲ್ಲಿ ಅವನ ಕೊಲೆಯಾಯಿತು, ದೇಶ ಮತ್ತೆ ಹಳೆಯ ದೇವರುಗಳ ಕಡೆಗೇ ಹೋಯಿತು. 1377ರಲ್ಲಿ ಸತ್ತ ಅಲ್ಗಿರ್ದಾಸ್ ದೊರೆಯನ್ನು ಕುದುರೆಗಳ ಸಮೇತ ಚಿತೆಯಲ್ಲಿ ಸುಟ್ಟರು. ಅವನ ಮಗ ಯೊಗೈಲಾ ಪೋಲೆಂಡಿನ ಸಿಂಹಾಸನ ಮತ್ತು ರಾಣಿಗಾಗಿ ಕ್ಯಾಥೊಲಿಕ್ ಆದ. ಹಿಂದೆಯೇ ದೇಶಕ್ಕೂ ದೀಕ್ಷೆ ಕೊಡಿಸಿದ. ಪವಿತ್ರ ಬೆಂಕಿಗಳನ್ನು ಆರಿಸಿದರು, ದೇವರ ಕಾಡುಗಳನ್ನು ಕಡಿದರು, ಮನೆಮನೆಯಲ್ಲಿ ಪೂಜಿಸುತ್ತಿದ್ದ ಹಾವುಗಳನ್ನು ಕೊಂದರು ಎಂದು ಪೋಲೆಂಡಿನ ಚರಿತ್ರೆಕಾರ ಯಾನ್ ದ್ಲುಗೋಶ್ 15ನೇ ಶತಮಾನದಲ್ಲಿ ಬರೆದ. ಪಶ್ಚಿಮದ ಝೆಮೈತಿಯಾ ಪ್ರಾಂತ್ಯದ ಸರದಿ ಬಂದಿದ್ದು 1413ರಲ್ಲಿ.

ದೇವಸ್ಥಾನ ಹೋಯಿತು, ಅಭ್ಯಾಸ ಹೋಗಲಿಲ್ಲ. ಹಳ್ಳಿಗಳಲ್ಲಿ ಗಬಿಯಾ ಉಳಿದಳು. ರಾತ್ರಿ ಮಲಗುವ ಮುನ್ನ ಮನೆಯಾಕೆ ಒಲೆಯ ಕೆಂಡ ಒಟ್ಟುಮಾಡಿ ಬೂದಿ ಮುಚ್ಚುತ್ತಿದ್ದಳು. ಅದು ಗಬಿಯಾಳಿಗೆ ಹಾಸಿಗೆ ಹಾಸಿದ ಹಾಗೆ. ಬೆಂಕಿಗೆ ಉಗುಳುವಂತಿಲ್ಲ, ಕಾಲಿನಿಂದ ತುಳಿಯುವಂತಿಲ್ಲ. ಚಿಟಿಕೆ ಉಪ್ಪು ಹಾಕಿ, ತೃಪ್ತಳಾಗು ತಾಯಿ ಎಂದು ಬೇಡಿಕೊಳ್ಳುತ್ತಿದ್ದರು. ಝಲ್ತಿಸ್ ಎಂಬ ಹುಲ್ಲುಹಾವು ಮನೆಯ ಹತ್ತಿರ ಕಂಡರೆ ಹಾಲಿಡುತ್ತಿದ್ದರು, ಕೊಂದರೆ ಕೇಡು ಎಂದು ಹೆದರುತ್ತಿದ್ದರು. ನಮ್ಮ ಕರಾವಳಿಯ ನಾಗಬನ ನೋಡಿದವರಿಗೆ ಇದು ತೀರಾ ಹೊಸದೆನಿಸದು. ಇಷ್ಟೆಲ್ಲ ಮಾಡುತ್ತಿದ್ದ ಹೆಂಗಸರು ಭಾನುವಾರ ಚರ್ಚಿಗೂ ಹೋಗುತ್ತಿದ್ದರು. ಅವರಿಗೆ ಇದರಲ್ಲಿ ವಿರೋಧವೇನೂ ಕಂಡಿರಲಿಲ್ಲ.

ಹಾಡುಗಳಿಂದ ಮತ್ತೆ ಕಟ್ಟಿದ್ದು

ಇಂದಿನ ರೊಮುವಾ ಶುರುವಾದದ್ದು ಈ ಹಳ್ಳಿಮನೆಗಳಲ್ಲಿ ಅಲ್ಲ, ವಿಶ್ವವಿದ್ಯಾಲಯದಲ್ಲಿ. 1967ರಲ್ಲಿ ಸೋವಿಯತ್ ಆಡಳಿತದ ನಡುವೆಯೇ ಕೆಲವು ಯುವಕರು ಕೆರ್ನವೆ ಎಂಬ ಹಳೆಯ ರಾಜಧಾನಿಯ ದಿಬ್ಬಗಳ ಮೇಲೆ ‘ರಸಾ’ ಹಬ್ಬ ಮಾಡಿದರು. ಅದು ವರ್ಷದ ಅತಿ ದೀರ್ಘ ಹಗಲಿನ ಹಬ್ಬ. ಹೂವಿನ ಕಿರೀಟ ತೊಡುವುದು, ರಾತ್ರಿಯಿಡೀ ಬೆಂಕಿಯ ಸುತ್ತ ಹಾಡುವುದು, ಕಿರೀಟಗಳನ್ನು ನೀರಿಗೆ ಬಿಡುವುದು, ಬೆಳಗಿನ ಇಬ್ಬನಿಯಲ್ಲಿ ಮುಖ ತೊಳೆಯುವುದು ಅದರ ಕ್ರಮ. ಮುಂದೆ ನಿಂತವರಲ್ಲಿ ಜನಪದ ಸಂಶೋಧಕ ಯೋನಾಸ್ ತ್ರಿಂಕೂನಾಸ್ ಒಬ್ಬರು.

ಹಾಡು ಕುಣಿತವನ್ನು ಸೋವಿಯತ್ ಅಧಿಕಾರಿಗಳು ಮೊದಲು ಸುಮ್ನೆ ಬಿಟ್ಟರು. ಜನಪದ ಕಲೆಗೆ ಅವರದೇ ಪ್ರೋತ್ಸಾಹ ಇತ್ತು. ಆದರೆ ಹಾಡಿನೊಳಗೆ ಧರ್ಮವೂ ಇದೆ, ರಾಷ್ಟ್ರಪ್ರೇಮವೂ ಇದೆ ಎಂದು ಗೊತ್ತಾದಾಗ 1971ರಲ್ಲಿ ಈ ಯುವಕರ ಸಂಘವನ್ನು ಮುಚ್ಚಿಸಿದರು. ತ್ರಿಂಕೂನಾಸ್ 1973ರಲ್ಲಿ ವಿಲ್ನಿಯಸ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು. 1980ರ ದಶಕದ ಕೊನೆಯಲ್ಲಿ ಸ್ವಾತಂತ್ರ್ಯ ಚಳವಳಿಯ ಜೊತೆಗೇ ಅವರ ಕೆಲಸ ಮತ್ತೆ ತಲೆ ಎತ್ತಿತು. 1992ರಲ್ಲಿ ರೊಮುವಾ ಧಾರ್ಮಿಕ ಸಮುದಾಯವಾಗಿ ನೋಂದಣಿಯಾಯಿತು. 2002ರಲ್ಲಿ ತ್ರಿಂಕೂನಾಸ್ ಅವರಿಗೆ ‘ಕ್ರಿವಿಸ್’, ಅಂದರೆ ಪ್ರಧಾನ ಪುರೋಹಿತ ಎಂಬ ಪಟ್ಟ ಕಟ್ಟಲಾಯಿತು. 2014ರಲ್ಲಿ ಅವರು ತೀರಿಕೊಂಡ ಮೇಲೆ ಆ ಸ್ಥಾನಕ್ಕೆ ಬಂದವರು ಅವರ ಪತ್ನಿ ಇನಿಯಾ ತ್ರಿಂಕೂನಿಯೆನೆ.

ರೊಮುವಾಕ್ಕೆ ಧರ್ಮಗ್ರಂಥ ಇಲ್ಲ. ಆ ಜಾಗದಲ್ಲಿ ಇರುವುದು ‘ದೈನಾ’ ಎಂಬ ಹಳ್ಳಿ ಹಾಡುಗಳು. ಆಚರಣೆ ಎಂದರೆ ಕಲ್ಲಿನ ಅಗ್ನಿಪೀಠದ ಮೇಲೆ ಓಕ್ ಕಟ್ಟಿಗೆ ಉರಿಸಿ, ಉಪ್ಪು, ಬ್ರೆಡ್ಡು, ಬಿಯರ್ ಅರ್ಪಿಸಿ, ಸುತ್ತ ನಿಂತು ಹಾಡುವುದು. 2001ರ ಜನಗಣತಿಯಲ್ಲಿ 1,270 ಜನ ತಮ್ಮ ಧರ್ಮ ಇದು ಎಂದು ಬರೆಸಿದ್ದರು. 2011ರಲ್ಲಿ ಅದು 5,118ಕ್ಕೆ ಏರಿತು.

ಬೇಡ ಎಂದವರ ವಾದ

1992ಕ್ಕೆ 25 ಕೂಡಿಸಿದರೆ 2017. ಸರಿಯಾಗಿ ಆ ವರ್ಷ ರೊಮುವಾ ಅರ್ಜಿ ಹಾಕಿತು. ಸಚಿವಾಲಯದ ಅಭಿಪ್ರಾಯ ಅನುಕೂಲವಾಗಿಯೇ ಬಂತು. ಆದರೆ 2019ರ ಜೂನ್‌ನಲ್ಲಿ ಸೇಮಾಸ್ ತಿರಸ್ಕರಿಸಿತು. ಮತಕ್ಕೂ ಮೊದಲು ಕ್ಯಾಥೊಲಿಕ್ ಬಿಷಪ್‌ಗಳ ಪರಿಷತ್ತು ವಿರೋಧಿಸಿ ಸಂಸದರಿಗೆ ಪತ್ರ ಬರೆದಿತ್ತು.

ವಿರೋಧವನ್ನು ಬರೀ ಮಡಿವಂತಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಒಂದು ಗಟ್ಟಿ ವಾದ ಇದೆ. ಆರು ಶತಮಾನ ಈ ಧರ್ಮಕ್ಕೆ ಪುರೋಹಿತರಿರಲಿಲ್ಲ, ದೀಕ್ಷೆ ಇರಲಿಲ್ಲ, ಸಂಘಟನೆ ಇರಲಿಲ್ಲ. ‘ರೊಮುವಾ’ ಎಂಬ ಹೆಸರು, ‘ಕ್ರಿವಿಸ್’ ಎಂಬ ಪದವಿ ಎರಡೂ ಬಂದಿದ್ದು 1326ರ ಒಂದು ವೃತ್ತಾಂತದಿಂದ. ಅದನ್ನು ಬರೆದ ಪೀಟರ್ ಪೇಗನ್ನರ ಮೇಲೆ ಯುದ್ಧ ಸಾರಿದ್ದ ಟ್ಯೂಟಾನಿಕ್ ಪಡೆಯ ಪಾದ್ರಿ. ಅವನು ಹೇಳುತ್ತಿದ್ದದ್ದು ನೆರೆಯ ಪ್ರಶ್ಯನ್ನರ ಪವಿತ್ರ ಸ್ಥಳದ ಬಗ್ಗೆ. ವೈರಿ ಬರೆದ, ಪಕ್ಕದ ಜನಾಂಗದ ವಿವರದ ಮೇಲೆ ಪೀಠ ಕಟ್ಟಿದರೆ ಅದು ಪ್ರಾಚೀನ ಧರ್ಮ ಹೇಗಾಗುತ್ತದೆ, ಇದು ಹಾಡುಗಾರರ ಸಂಘ ಅಷ್ಟೇ ಅಲ್ವಾ ಎಂಬುದು ಪ್ರಶ್ನೆ.

ಇನ್ನೊಂದು ಕಾರಣ ಭಾವನೆಯದು. ಸೋವಿಯತ್ ಕಾಲದಲ್ಲಿ ಜನರ ಬೆನ್ನಿಗೆ ನಿಂತದ್ದು ಕ್ಯಾಥೊಲಿಕ್ ಚರ್ಚು. ಧಾರ್ಮಿಕ ದಬ್ಬಾಳಿಕೆಯನ್ನು ದಾಖಲಿಸುವ ಗುಪ್ತ ಪತ್ರಿಕೆಯನ್ನು 1972ರಿಂದ ಸುಮಾರು ಹದಿನೇಳು ವರ್ಷ ಪಾದ್ರಿಗಳು, ಸಂನ್ಯಾಸಿನಿಯರು ಜೈಲಿಗೆ ಹೆದರದೆ ನಡೆಸಿದ್ದರು. ಆ ನೆನಪಿರುವವರಿಗೆ ಲಿಥುವೇನಿಯಾದ ನಿಜವಾದ ಧರ್ಮ ನಮ್ಮದು ಎಂದು ಬೇರೆ ಯಾರೋ ಹೇಳಿದರೆ ನೋವಾಗುತ್ತದೆ. ರೊಮುವಾ ಮೇಲೆ ರಷ್ಯಾದ ನೆರಳು ಇದೆ ಎಂಬ ಗುಮಾನಿಯನ್ನೂ ಕೆಲವರು ಎತ್ತಿದರು. ಅದಕ್ಕೆ ಪುರಾವೆ ಮಾತ್ರ ಹೊರಬರಲಿಲ್ಲ.

ಸ್ಟ್ರಾಸ್‌ಬರ್ಗ್ ಹೇಳಿದ್ದೇನು

2021ರ ಜೂನ್‌ನಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ರೊಮುವಾ ಪರ ತೀರ್ಪು ಕೊಟ್ಟಿತು. ತೀರ್ಪಿನಲ್ಲಿ ಏನಿಲ್ಲ ಎನ್ನುವುದನ್ನೂ ಗಮನಿಸಬೇಕು. ರೊಮುವಾ ಪ್ರಾಚೀನವೋ, ನಿನ್ನೆ ಮೊನ್ನೆಯದೋ ಎಂಬ ಚರ್ಚೆಗೆ ಕೋರ್ಟು ಇಳಿಯಲಿಲ್ಲ. ಪೆರ್ಕೂನಾಸ್ ಬಗ್ಗೆಯೂ ಮಾತಾಡಲಿಲ್ಲ.

ಕೋರ್ಟಿನ ತರ್ಕ ಸರಳ. ನಂಬಿಕೆ ಸರಿಯೋ ತಪ್ಪೋ ಎಂದು ಅಳೆಯುವುದು ಸರ್ಕಾರದ ಕೆಲಸವಲ್ಲ, ಅದು ತಟಸ್ಥವಾಗಿರಬೇಕು. ಬ್ಯಾಪ್ಟಿಸ್ಟರು, ಅಡ್ವೆಂಟಿಸ್ಟರು, ಪೆಂಟೆಕೋಸ್ಟಲರು, ನ್ಯೂ ಅಪೊಸ್ಟೊಲಿಕ್ ಚರ್ಚಿನವರು 2001ರಿಂದ 2017ರ ನಡುವೆ ಇದೇ ಬಾಗಿಲಿನಿಂದ ಒಳಗೆ ಹೋಗಿದ್ದರು. ಅವರಲ್ಲಿ ಕೆಲವರಿಗಿಂತ ರೊಮುವಾದ ಜನಸಂಖ್ಯೆಯೇ ಜಾಸ್ತಿ. ಸಚಿವಾಲಯ ಸರಿ ಎಂದ ಮೇಲೂ ಇವರನ್ನು ಮಾತ್ರ ತಡೆದದ್ದಕ್ಕೆ ಒಪ್ಪುವಂಥ ಕಾರಣ ಇಲ್ಲ, ಆದ್ದರಿಂದ ಇದು ತಾರತಮ್ಯ. ಜೊತೆಗೆ, ಸಂಸತ್ತಿನ ಮತವನ್ನು ಪ್ರಶ್ನಿಸಲು ದೇಶದೊಳಗೆ ಯಾವ ದಾರಿಯೂ ಇರಲಿಲ್ಲ, ಅದೂ ತಪ್ಪು.

ಆದರೂ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಕೋರ್ಟು ಹಕ್ಕು ಉಲ್ಲಂಘನೆಯಾಗಿದೆ ಎನ್ನಬಹುದು, ಸಂಸದರ ಕೈ ಹಿಡಿದು ಮತ ಹಾಕಿಸಲಾಗದು. 2023ರಲ್ಲಿ ಪ್ರಸ್ತಾಪ ಮತ್ತೆ ಸೋತಿತು. ಚುನಾವಣೆ ಮುಗಿದು ಹೊಸ ಸೇಮಾಸ್ ಕೂತ ಮೇಲೆ, 2024ರ ಡಿಸೆಂಬರ್‌ನಲ್ಲಿ ಗೆದ್ದಿತು. ದೇವರುಗಳು ಅವರೇ, ಅರ್ಜಿಯೂ ಅದೇ. ಬದಲಾದದ್ದು ಸದನದಲ್ಲಿ ಕೂತ ಮುಖಗಳು. ಕೋರ್ಟು ಯಾಕೆ ತಟಸ್ಥತೆಯನ್ನು ಅಷ್ಟು ಒತ್ತಿ ಹೇಳಿತು ಎಂಬುದು ಇಲ್ಲಿ ಅರ್ಥವಾಗುತ್ತದೆ.

ಹಳೆಯದೆಂದು ಹೇಳಿಕೊಳ್ಳುವ ಒತ್ತಡ

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನಿಸುವುದು ಬೇರೆಯೇ. ಕಾನೂನು ‘ಸಾಂಪ್ರದಾಯಿಕ’ ಎಂಬ ಪದಕ್ಕೆ ಬೆಲೆ ಕಟ್ಟಿದ ಕೂಡಲೇ, ಪ್ರತಿ ಹೊಸ ಗುಂಪಿಗೂ ತಾನು ಹಳೆಯದು ಎಂದು ತೋರಿಸುವ ಆಸೆ ಹುಟ್ಟುತ್ತದೆ. ವಿರೋಧಿಗಳು ಆ ಹಳೆತನವನ್ನೇ ಕೆದಕುತ್ತಾರೆ. ಕೊನೆಗೆ ಪ್ರಜೆಗಳ ಹಕ್ಕಿನ ಪ್ರಶ್ನೆ ಪುರಾತತ್ವದ ಪ್ರಶ್ನೆಯಾಗಿಬಿಡುತ್ತದೆ.

ಬೇರೆ ದೇಶಗಳಲ್ಲಿ ಹಾಗಾಗಿಲ್ಲ. ಐಸ್‌ಲ್ಯಾಂಡ್‌ನಲ್ಲಿ ಓಡಿನ್, ಥಾರ್, ಫ್ರೇಯಾ ಮುಂತಾದ ನಾರ್ಸ್, ಅಂದರೆ ಹಳೆಯ ಉತ್ತರ ಯುರೋಪಿನ, ದೇವರುಗಳ ‘ಆಸಾತ್ರೂ’ ಸಂಘ ಶುರುವಾದದ್ದು 1972ರಲ್ಲಿ. ರೈತ, ಕವಿ ಸ್ವೇನ್‌ಬ್ಯೋರ್ನ್ ಬೇಂಟೇನ್‌ಸನ್ ಅದರ ಮುಖಂಡರು. ಮರುವರ್ಷವೇ, 1973ರಲ್ಲಿ, ಸರ್ಕಾರ ಮಾನ್ಯತೆ ಕೊಟ್ಟಿತು. ಸಾವಿರ ವರ್ಷದ ಪರಂಪರೆ ತೋರಿಸಿ ಎಂದು ಯಾರೂ ಕೇಳಲಿಲ್ಲ. ಇಂದು ನಾಲ್ಕು ಲಕ್ಷವೂ ದಾಟದ ಆ ದೇಶದಲ್ಲಿ ಅದಕ್ಕೆ 5,000ಕ್ಕೂ ಹೆಚ್ಚು ಸದಸ್ಯರಿದ್ದಾರೆ. ಈಗಿನ ಮುಖಂಡ ಹಿಲ್ಮರ್ ಓರ್ನ್ ಹಿಲ್ಮರ್‌ಸನ್ ಅವರು, ಎಂಟು ಕಾಲಿನ ಕುದುರೆ ಏರಿದ ಒಕ್ಕಣ್ಣಿನ ದೇವರನ್ನು ಅಕ್ಷರಶಃ ಯಾರೂ ನಂಬುವುದಿಲ್ಲ, ಈ ಕಥೆಗಳು ನಿಸರ್ಗ ಮತ್ತು ಮನಸ್ಸಿನ ಶಕ್ತಿಗಳನ್ನು ಕಾವ್ಯವಾಗಿ ಹೇಳುತ್ತವೆ ಎಂಬ ಅರ್ಥದಲ್ಲಿ ಬಹಿರಂಗವಾಗಿಯೇ ಮಾತಾಡಿದ್ದಾರೆ. ಹಾಗೆ ಹೇಳಿದ್ದಕ್ಕೆ ಮಾನ್ಯತೆ ಹೋಗಲಿಲ್ಲ. ಗ್ರೀಸ್ ಕೂಡ 2017ರಲ್ಲಿ ಒಲಿಂಪಸ್ ದೇವರುಗಳ ಆರಾಧಕರನ್ನು ಧರ್ಮವೆಂದು ಒಪ್ಪಿತು. ಅಲ್ಲಿ ಆರ್ಥೊಡಾಕ್ಸ್ ಚರ್ಚಿನ ಪ್ರಭಾವ ಎಷ್ಟೆಂದು ಗೊತ್ತಿರುವವರಿಗೆ ಅದು ಸಣ್ಣ ಸಂಗತಿ ಅಲ್ಲ.

ಇಂಗ್ಲೆಂಡಿನ ವಿಕ್ಕಾ, ಅಂದರೆ ಇಂದಿನ ಮಾಟಗಾರರ ಪೇಗನ್ ಪಂಥ, ಕೂಡ ಹೊಸದೇ. ಇಂದಿನ ಮಂತ್ರ, ತಂತ್ರ, ಚಂದ್ರಪೂಜೆಯ ಅಲೆಯ ಬಹುಪಾಲು ಹುಟ್ಟಿದ್ದು ಅಲ್ಲಿಂದ. 1951ರಲ್ಲಿ ಬ್ರಿಟನ್ ಹಳೆಯ ಮಾಟ ವಿರೋಧಿ ಕಾನೂನನ್ನು ರದ್ದು ಮಾಡಿತು. ಬೆನ್ನಿಗೇ ಜೆರಾಲ್ಡ್ ಗಾರ್ಡ್‌ನರ್ ಎಂಬ ನಿವೃತ್ತ ಅಧಿಕಾರಿ ಇದನ್ನು ಬಹಿರಂಗಕ್ಕೆ ತಂದರು. ಗುಟ್ಟಾಗಿ ಉಳಿದು ಬಂದ ಪ್ರಾಚೀನ ಪಂಥ ಇದು ಎಂಬುದು ಅವರ ಮಾತು. ಇತಿಹಾಸಕಾರರು ಇಂದು ಅದನ್ನು ಒಪ್ಪುವುದಿಲ್ಲ. ಹಾಗಿದ್ದೂ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು 1986ರಲ್ಲೇ ವಿಕ್ಕಾ ಒಂದು ಧರ್ಮ ಎಂದಿತು. 2021ರ ಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಜನ ತಾವು ಪೇಗನ್ ಎಂದೂ, ಸುಮಾರು 13,000 ಜನ ವಿಕ್ಕಾ ಎಂದೂ ಬರೆಸಿದರು.

ಮಾಟ ಎಂದ ಕೂಡಲೇ ನಮ್ಮಲ್ಲಿ ನಿಂಬೆಹಣ್ಣು, ಕುಂಕುಮ, ಶತ್ರುನಾಶ ನೆನಪಾಗುತ್ತದೆ. ವಿಕ್ಕಾದ ಮಟ್ಟಿಗೆ ಆ ಚಿತ್ರ ಸರಿಹೊಂದದು, ಯಾರಿಗೂ ಕೇಡು ಮಾಡಬಾರದು ಎಂಬುದು ಅವರ ಮೊದಲ ನಿಯಮ. ಇನ್ನು ರೊಮುವಾದಲ್ಲಿ ಮಾಟ ಮುಖ್ಯವೇ ಅಲ್ಲ. ಅಲ್ಲಿ ಇರುವುದು ಊರು, ಋತು, ಹಿರಿಯರು, ಹಾಡು. ಆನ್‌ಲೈನ್‌ನಲ್ಲಿ ದುಡ್ಡಿಗೆ ಮಂತ್ರ ಹಾಕಿಕೊಡುವವರ ಜೊತೆ ಇವರನ್ನು ಒಂದೇ ಗಂಟಿಗೆ ಕಟ್ಟುವುದು ತಪ್ಪು.

ಇದಕ್ಕೊಂದು ಕರಾಳ ಮುಖವೂ ಇದೆ. ನಮ್ಮ ಪೂರ್ವಜರ ದೇವರು ಎಂಬ ಮಾತು ನಮ್ಮ ರಕ್ತದವರಿಗೆ ಮಾತ್ರ ಎಂಬಲ್ಲಿಗೆ ಜಾರುವುದು ಕಷ್ಟವಲ್ಲ. ಅಮೆರಿಕದ ಮಿನೆಸೋಟದ ಮರ್ಡಾಕ್ ಎಂಬ ಪುಟ್ಟ ಊರಿನಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶ ಇರುವ ಒಂದು ನಾರ್ಸ್ ಪೇಗನ್ ಸಂಘ ಹಳೆಯ ಚರ್ಚ್ ಕಟ್ಟಡ ಕೊಂಡಾಗ, 2020ರಲ್ಲಿ ದೊಡ್ಡ ಗಲಾಟೆ ಆಯಿತು. ಐಸ್‌ಲ್ಯಾಂಡ್‌ನ ಸಂಘ ಇಂಥ ಜನಾಂಗವಾದವನ್ನು ಖಡಾಖಂಡಿತವಾಗಿ ದೂರ ಇಟ್ಟಿದೆ. ಮಾನ್ಯತೆ ಕೊಡುವಾಗ ಸರ್ಕಾರ ನೋಡಬೇಕಾದದ್ದು ಇಂಥದ್ದನ್ನು.

ಭಾರತದಿಂದ ನೋಡಿದರೆ

ಈ ಸುದ್ದಿಯನ್ನು ‘ಯುರೋಪ್ ವೇದಕ್ಕೆ ಮರಳಿತು’ ಎಂದು ಓದುವ ಆಸೆ ನಮ್ಮಲ್ಲಿ ಕೆಲವರಿಗೆ ಬರಬಹುದು. ಆಧಾರ ಪೂರ್ತಿ ಇಲ್ಲವೆಂದಲ್ಲ. ಲಿಥುವೇನಿಯನ್ ಮತ್ತು ಸಂಸ್ಕೃತ ಒಂದೇ ಭಾಷಾ ಕುಟುಂಬದವು. ಬೆಂಕಿಗೆ ಅಲ್ಲಿ ‘ಉಗ್ನಿಸ್’, ದೇವರಿಗೆ ‘ದಿಯೇವಾಸ್’. ಲಿಥುವೇನಿಯನ್ ಚಿಂತಕ ವಿದೂನಾಸ್ ಭಗವದ್ಗೀತೆಯನ್ನು ತಮ್ಮ ಭಾಷೆಗೆ ತಂದಿದ್ದರು. ತ್ರಿಂಕೂನಾಸ್ ಮತ್ತು ಗೆಳೆಯರಿಗೂ ಭಾರತದ ಬಗ್ಗೆ ಆಸಕ್ತಿ ಇತ್ತು. ಆದರೆ ಭಾಷೆಯ ನೆಂಟಸ್ತಿಕೆಯಿಂದ ಧರ್ಮ ಒಂದೇ ಆಗಿಬಿಡುವುದಿಲ್ಲ. ಕರ್ಮ, ಸಂನ್ಯಾಸ, ವೇದಪ್ರಾಮಾಣ್ಯ ಇವು ಯಾವುವೂ ಅಲ್ಲಿನ ಹಳ್ಳಿ ಹಾಡುಗಳಲ್ಲಿ ಇಲ್ಲ.

ಹೋಲಿಕೆ ಬೇಕಿದ್ದರೆ ಮಾನ್ಯತೆಯ ರಾಜಕಾರಣದಲ್ಲಿ ಸಿಗುತ್ತದೆ. 2018ರಲ್ಲಿ ಕರ್ನಾಟಕ ಸರ್ಕಾರ ಲಿಂಗಾಯತರಿಗೆ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನ ಕೊಡಿ ಎಂದು ಕೇಂದ್ರಕ್ಕೆ ಶಿಫಾರಸು ಮಾಡಿದಾಗ ಆದ ಚರ್ಚೆ ನೆನಪಿರಬಹುದು. 2020ರಲ್ಲಿ ಜಾರ್ಖಂಡ್ ವಿಧಾನಸಭೆ ಆದಿವಾಸಿಗಳ ಸರ್ನಾ ಧರ್ಮಕ್ಕೆ ಜನಗಣತಿಯಲ್ಲಿ ಪ್ರತ್ಯೇಕ ಕೋಡ್ ಬೇಕೆಂದು ನಿರ್ಣಯ ಮಾಡಿತು. ಕಾನೂನು ಬೇರೆ, ಇತಿಹಾಸ ಬೇರೆ. ಆದರೂ ಒಂದು ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ: ಒಂದು ಧರ್ಮ ಬೇರೆಯೇ ಎಂದು ತೀರ್ಮಾನಿಸುವವರು ಆಚರಿಸುವ ಜನರೋ, ಪಂಡಿತರೋ, ಸರ್ಕಾರವೋ?

ಮುಂದೇನಾಗಬಹುದು

ರೊಮುವಾಕ್ಕೆ ಈಗ ಹೊಸ ಬಗೆಯ ಕೆಲಸ ಬಿದ್ದಿದೆ. ಶಾಲೆಯಲ್ಲಿ ಪಾಠ ಮಾಡಬೇಕೆಂದರೆ ಪಠ್ಯ ಬೇಕು, ತರಬೇತಿ ಪಡೆದ ಶಿಕ್ಷಕರು ಬೇಕು. ಊರಿಂದ ಊರಿಗೆ ಬದಲಾಗುವ ಹಾಡು, ಆಚರಣೆಗಳಲ್ಲಿ ಯಾವುದನ್ನು ಪಠ್ಯಕ್ಕೆ ಹಾಕುವುದು? ಗ್ರಂಥವಿಲ್ಲದ ಧರ್ಮ ಪಾಠಪುಸ್ತಕ ಬರೆಯಲು ಕೂತರೆ ಒಳಗೇ ಜಗಳ ಹುಟ್ಟಬಹುದು. ಮದುವೆ ಮಾಡಿಸುವ ಅಧಿಕಾರ ಯಾರಿಗೆ ಎಂಬುದಕ್ಕೂ ಈಗ ಪಟ್ಟಿ ಬೇಕು, ಅಂದರೆ ಪುರೋಹಿತಶಾಹಿ ಇನ್ನಷ್ಟು ಗಟ್ಟಿಯಾಗುತ್ತದೆ. ಬಿಡಿಬಿಡಿಯಾಗಿ, ತಮ್ಮ ಪಾಡಿಗೆ ಹಬ್ಬ ಮಾಡುತ್ತಿದ್ದವರಿಗೆ ಇದು ಇಷ್ಟವಾಗುತ್ತದೆ ಎಂದೇನೂ ಇಲ್ಲ.

ಕಾನೂನಿನ ಮೂಲ ತೊಡಕು ಹಾಗೇ ಉಳಿದಿದೆ. ಒಬ್ಬ ಅರ್ಜಿದಾರನಿಗೆ ಮಾನ್ಯತೆ ಸಿಕ್ಕಿತೇ ಹೊರತು, ಕೊಡುವ ಬಿಡುವ ಅಧಿಕಾರ ಇನ್ನೂ ಸೇಮಾಸ್ ಕೈಯಲ್ಲೇ ಇದೆ. 25 ವರ್ಷ ಕಾಯುವ ಷರತ್ತೂ ಇದೆ. ಮುಂದಿನ ಅರ್ಜಿ ಇನ್ನೂ ಸಣ್ಣ ಗುಂಪಿನದಾಗಿರಬಹುದು, ಜನಪ್ರಿಯ ಹಾಡುಗಳ ಬೆಂಬಲವೂ ಅದಕ್ಕೆ ಇಲ್ಲದಿರಬಹುದು. ಆಗ ಸಂಸದರು ಮತ್ತೆ ದೇವರುಗಳ ಬಗ್ಗೆ ಭಾಷಣ ಮಾಡಿದರೆ, ಸ್ಟ್ರಾಸ್‌ಬರ್ಗ್‌ನಲ್ಲಿ ಉಲ್ಲೇಖಿಸಲು 2021ರ ತೀರ್ಪು ಸಿದ್ಧವಾಗಿದೆ.